ಗಂಗವ್ವನ ಕರಾರು

ಹೋದ ವರ್ಷ ಬೋರಗಾಂವದ ಗಂಗವ್ವ ಎಂಬ ಮುದುಕಿಯ ಮನೆಗೆ ಮಗ್ಗದ ರಿಪೇರಿಗೆ ಹೋಗಿದ್ದೆ. ಗಂಡ ತೀರಿದ ಮೇಲೆ ಅವಳ ಕರೆಂಟ್ ಮಗ್ಗ ನಿಂತಿತ್ತು. ಮನೆ, ಮಗ್ಗ ಎರಡನ್ನೂ ಮಾರಲು ಇಟ್ಟಿದ್ದಳು. ನಾನು ಜೀವನವಿಡೀ ಬಾಡಿಗೆ ಮನೆಯಲ್ಲಿದ್ದವನು. ಕೇಳಿಯೇಬಿಟ್ಟೆ.

"ಅಕ್ಕಾರ, ಮನಿ ನನಗ ಕೊಡ್ತೀರೇನ್ರಿ? ಕೈಯಾಗ ರೊಕ್ಕ ಇಲ್ಲ. ತಿಂಗಳಾ ಕಂತು ಕಟ್ತೀನಿ."

"ರೊಕ್ಕ ಇಲ್ದ ಮನಿ ಕೇಳಾಕ ನಾಚಿಕಿ ಬರಂಗಿಲ್ಲೇನೋ ಮಿಸ್ತ್ರಿ?"

"ನಾಚಿಕೊಂಡ ಮನಿ ಇಲ್ದ ಈ ವಯಸ್ಸಿಗೆ ಬಂದೀನ್ರಿ."

ಮುದುಕಿ ನಗಲಿಲ್ಲ. ನಾನು ರಿಪೇರಿ ಮುಗಿಸಿ ಮಗ್ಗ ಚಾಲೂ ಮಾಡಿದೆ. ಖಟಖಟ ಸದ್ದಿಗೆ ಮನೆಯೆಲ್ಲ ಅದುರಿತು. ತಿರುಗಿ ನೋಡಿದರೆ ಗಂಗವ್ವ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಮಗ್ಗ ನಿಲ್ಲಿಸಿದೆ. ತಟ್ಟನೆ ಎಚ್ಚರವಾದಳು.

"ಇದು ನಿಂತಾಗಿಂದ ನನಗ ನಿದ್ದಿ ಇಲ್ಲಪಾ. ರೊಕ್ಕ ಇದ್ದಾವ್ರೆಲ್ಲಾ ಮಗ್ಗ ಕಿತ್ತು ಗುಜರಿಗೆ ಹಾಕ್ತೀವಿ ಅಂತಾರ. ನೀ ಕಂತು ಕಟ್ಟು. ಹಿಂದಿನ ಖೋಲಿ ನನಗಿರ್ಲಿ, ಮಗ್ಗ ಮಾತ್ರ ನಿಲ್ಲಬಾರದು."

ಹಾಗೆ ಮನೆ ನನ್ನದಾಯಿತು. ಕಂತು ಒಮ್ಮೆಯೂ ತಪ್ಪಿಸಿಲ್ಲ. ಆದರೆ ಕರೆಂಟ್ ಹೋಗಿ ಮಗ್ಗ ನಿಂತರೆ ಸಾಕು, "ಮನಿ ವಾಪಸ್ ಕೊಡೋ ಮಿಸ್ತ್ರಿ!" ಎಂದು ಗಂಗವ್ವ ಹಿಂದಿನ ಕೋಣೆಯಿಂದ ಕೂಗುತ್ತಾಳೆ. ಆ ಖಟಖಟ ನಿಂತು ನನಗೆ ಕಣ್ಣು ಹತ್ತುವುದೂ ಆಗಲೇ.