ಹುಣಸೆ ಬಿಡಿಸುವಾಗ ಓದಿದ ಕಾದಂಬರಿ

ಅರವತ್ತೆರಡರ ಬೇಸಿಗೆಯ ನನ್ನ ನೋಟುಪುಸ್ತಕದಲ್ಲಿ ಕೆಲವು ಹಾಳೆಗಳು ಇಂದಿಗೂ ಒಂದಕ್ಕೊಂದು ಅಂಟಿಕೊಂಡಿವೆ. ಹುಣಸೆಹಣ್ಣಿನ ಅಂಟು. ಬಿಡಿಸಲು ಹೋದರೆ ಅಕ್ಷರವೂ ಕಿತ್ತು ಬರುತ್ತದೆ, ಅದಕ್ಕೆ ಹಾಗೇ ಬಿಟ್ಟಿದ್ದೇನೆ. ಓದಲು ಸಿಗುವ ಹಾಳೆಗಳಲ್ಲಿ ಹೀಗಿದೆ: ಸೋಮವಾರ, ಪುಟ ಹದಿನಾಲ್ಕು, ಹುಣಸೆ ಎರಡು ಮಂಕರಿ. ಮಂಗಳವಾರ, ಪುಟ ಒಂಬತ್ತು, ಹುಣಸೆ ಒಂದು ಮಂಕರಿ. ಅಳುವ ಭಾಗ ಬಂದಿದ್ದರಿಂದ ಎಲ್ಲರ ಕೈಯೂ ನಿಧಾನ.

ಆಗ ನನಗೆ ಹದಿನಾರು. ಓದು ಮುಗಿಸಿ ಬಂಗಾರಪೇಟೆಯ ಮನೆಯಲ್ಲಿ ಕೂತಿದ್ದೆ. ಅಪ್ಪ ಊರಿಗಾಂನ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಗ್ಗೆ ಮಾರಿಕುಪ್ಪಂ ರೈಲಿಗೆ ಹೋದರೆ ಸಂಜೆ ಅದೇ ರೈಲಿಗೆ ವಾಪಸು. ತಿಂಗಳಿಗೊಂದು ಕಾದಂಬರಿ ಕೊಂಡು ತರುತ್ತಿದ್ದರು. ನಾನು ಒಬ್ಬಳೇ ಓದುವುದನ್ನು ನೋಡಿ ಪಕ್ಕದ ಮನೆಯ ದೊಡ್ಡಮ್ಮ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಕೂಗಿದರು. ನೆಂಟರೇನಲ್ಲ, ಹುಟ್ಟಿದಾಗಿನಿಂದ ಹಾಗೆ ಕರೆದು ಅಭ್ಯಾಸ.

"ಏನಮ್ಮಿ, ಒಳಗೊಳಗೇ ನಗ್ತೀಯಾ, ಒಳಗೊಳಗೇ ಅಳ್ತೀಯಾ. ನಮ್ಗೂ ಒಸಿ ಏಳಬಾರ್ದಾ? ನಮ್ ಜಗಲೀಗೆ ಬಂದು ಓದು. ನಿಮ್ಮನೆ ಹುಣಸೇನೂ ನಾವೇ ಬಿಡಿಸ್ಕೊಡ್ತೀವಿ."

ಹಾಗೆ ಶುರುವಾಯಿತು. ದೊಡ್ಡಮ್ಮನ ಜಗಲಿಯಲ್ಲಿ ನಾಲ್ಕು ಜನ ಹೆಂಗಸರು ಮಂಡಿಯಿಂದ ಬಂದ ಹುಣಸೆ ಕುಟ್ಟಿ, ಬೀಜ ತೆಗೆದು, ನಾರು ಎಳೆಯುತ್ತಿದ್ದರು. ಒಬ್ಬಾಕೆ ತಮಿಳಿನವಳು, ಕಷ್ಟದ ಮಾತು ಬಂದರೆ "ಅಪ್ಪಡೀನ್ನಾ?", ಹಾಗಂದರೇನು, ಎಂದು ತಡೆಯುತ್ತಿದ್ದಳು, ನನಗೆ ತಿಳಿದಷ್ಟು ತಮಿಳಿನಲ್ಲಿ ಬಿಡಿಸಿ ಹೇಳುತ್ತಿದ್ದೆ. ಆ ಮಧ್ಯಾಹ್ನಗಳಷ್ಟು ಸುಖವಾಗಿ ನಾನು ಮತ್ತೆಂದೂ ಪುಸ್ತಕ ಓದಿಲ್ಲ.

ಐದನೆಯವಳೊಬ್ಬಳಿದ್ದಳು, ಬಾಗಿಲ ಹಿಂದೆ. ದೊಡ್ಡಮ್ಮನ ಮಗಳು. ಅಪ್ಪನ ಕಚೇರಿಯ ಆಚೆಗಿನ ಚಿನ್ನದ ಗಣಿಯ ಊರು, ಚಾಂಪಿಯನ್ ರೀಫ್ಸ್‌ಗೆ ಕೊಟ್ಟಿದ್ದರು. ಅಳಿಯ ಗಣಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ತಾಯಿಯಿಲ್ಲ, ವಿಧವೆ ಅಕ್ಕನದೇ ಮನೆಯಲ್ಲಿ ಆಡಳಿತ. ಒಂದು ಮಾತಿಗೆ ಒಂದು ಮಾತು ಬೆಳೆದು ಹುಡುಗಿ ತವರಿಗೆ ಬಂದುಬಿಟ್ಟಿದ್ದಳು. ಕರೆಯಲು ಯಾರಾದರೂ ಬರಬೇಕು, ತಾನಾಗಿ ಹೋದರೆ ಮಾನ ಹೋಗುತ್ತದೆ. ಆ ಕಡೆಯಿಂದ ಯಾರೂ ಬಂದಿರಲಿಲ್ಲ.

"ಇವತ್ಗೆ ಎಷ್ಟ್ ದಿನಾ ಆಯ್ತು? ನಿನ್ ಬುಕ್ಕಲ್ಲಿ ಐತಲ್ಲ, ನೋಡು" ಎಂದು ದೊಡ್ಡಮ್ಮ ನನ್ನನ್ನು ಮೆಲ್ಲಗೆ ಕೇಳುತ್ತಿದ್ದರು. ಹುಡುಗಿ ತವರಿಗೆ ಬಂದ ತಾರೀಖನ್ನು ಬರೆದಿಟ್ಟಿದ್ದೆ, ಎಣಿಸಿ ನೂರ ಹನ್ನೆರಡು, ನೂರ ಹದಿಮೂರು ಎಂದು ಹೇಳುತ್ತಿದ್ದೆ.

ಅಪ್ಪ ತಂದಿದ್ದ ಆ ತಿಂಗಳ ಕಾದಂಬರಿಯ ಕಥೆಯೂ ಅದೇ ಆಗಿತ್ತು. ಗಂಡನ ಅಕ್ಕನ ಬಾಯಿಗೆ ಹೆದರಿ ತವರಿಗೆ ಬಂದ ಹುಡುಗಿ. ಮೊದಲ ಇಪ್ಪತ್ತು ಪುಟಕ್ಕೇ ಜಗಲಿಯಲ್ಲಿ ಕುಟ್ಟುವ ಸದ್ದು ನಿಂತಿತು. ನಿಲ್ಲಿಸಲು ನೋಡಿದೆ. ದೊಡ್ಡಮ್ಮ ಬಿಡಲಿಲ್ಲ. "ಓದು. ಅವ್ಳ್ಗೇನಾತದೆ ನೋಡಾನ."

ರಾತ್ರಿ ಮನೆಯಲ್ಲಿ ಕೊನೆಯವರೆಗೆ ಓದಿದೆ. ಯಾರೂ ಕರೆಯಲು ಬರುವುದಿಲ್ಲ. ಕೊನೆಯ ಆರು ಪುಟಗಳಲ್ಲಿ ಹುಡುಗಿ ಬಾವಿಗೆ ಹಾರುತ್ತಾಳೆ.

ಕೆಲವು ದಿನಗಳ ಮೇಲೆ ಜಗಲಿಯಲ್ಲಿ ಆ ಆರು ಪುಟ ಬಂದಾಗ ಬಾಗಿಲ ಹಿಂದೆ ಬಳೆಯ ಸದ್ದೂ ಇರಲಿಲ್ಲ. ನಾನು ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಬೇರೆ ಕಥೆ ಹೇಳಿದೆ. ಗಂಡನ ಅಕ್ಕ ಗಾಡಿ ಕಟ್ಟಿಸಿಕೊಂಡು ಬರುತ್ತಾಳೆ, "ತಪ್ಪು ನಂದೇ, ಬಾ ತಾಯಿ" ಎನ್ನುತ್ತಾಳೆ, ಇಬ್ಬರೂ ಒಂದೇ ಎಲೆಯಲ್ಲಿ ಉಂಡು ಹೊರಡುತ್ತಾರೆ. ತಮಿಳಿನಾಕೆ ಮೂಗು ಒರೆಸಿಕೊಂಡಳು. ದೊಡ್ಡಮ್ಮ ಬಾಗಿಲ ಕಡೆ ತಿರುಗಿ, "ನೋಡ್ದಾ? ಪುಸ್ತಕ್ದಲ್ಲೇ ಬರ್ದವ್ರೆ. ಬತ್ತಾರೆ, ಬತ್ತಾರೆ" ಎಂದರು.

ಆ ನಂಬಿಕೆಯಲ್ಲಿ ಇಪ್ಪತ್ತನಾಲ್ಕು ದಿನ ಕಾದರು. ಯುಗಾದಿಯೂ ಕಳೆಯಿತು. ಆಮೇಲೊಂದು ಗುರುವಾರ ಬೆಳಗ್ಗೆ ಸೆರಗು ಬಿಗಿದುಕೊಂಡು ನಮ್ಮ ಮನೆಗೆ ಬಂದರು.

"ಆ ಪುಸ್ತಕ ಕೊಡಮ್ಮಿ. ಅಳಿಯನ್ ಅಕ್ಕ ಏಳ್ನೇ ಕ್ಲಾಸ್ ಓದವ್ಳೆ. ನಿಮ್ಮಪ್ಪನ ಕೈಲಿ ಕಳುಸ್ತೀನಿ. 'ತುಂಬಾ ಚೆನ್ನಾಗೈತಂತೆ, ಕೊನೇ ತನಕಾ ಓದ್ಬೇಕಂತೆ' ಅಂತ ಅಷ್ಟೇ ಏಳ್ಲಿ. ನಾವ್ ಬಾಯ್ಬಿಟ್ಟು ಕರೀರಿ ಅನ್ನಾಕಾಯ್ತದಾ? ಓದಿದ್ರೆ ಅವ್ಳ್ಗೇ ಅರ್ಥ ಆಯ್ತದೆ."

"ದೊಡ್ಡಮ್ಮ, ಬೇರೆ ಒಳ್ಳೇ ಪುಸ್ತಕ ಇದೆ, ಅದನ್ನ ಕೊಡ್ತೀನಿ."

"ಬೇರೇದ್ಯಾಕೆ? ನಂಗ್ ಇದೇ ಬೇಕು."

ನಿಜ ಹೇಳದೆ ಪುಸ್ತಕ ತಂದು ಅವರ ಕೈಗಿಟ್ಟೆ. ಅಪ್ಪ ಆ ಕಾದಂಬರಿ ಓದಿರಲಿಲ್ಲ. ಚೀಲದಲ್ಲಿ ಹಾಕಿಕೊಂಡು ಹೋದರು. ಕೆಲಸ ಮುಗಿಸಿ ಚಾಂಪಿಯನ್ ರೀಫ್ಸ್‌ನ ಆ ಮನೆಗೆ ತಲುಪಿಸಿ, ದೊಡ್ಡಮ್ಮ ಹೇಳಿಕೊಟ್ಟ ಮಾತನ್ನೇ ಹೇಳಿ ಬಂದರು.

ಶನಿವಾರ ಬೆಳಗಿನ ಮೊದಲ ರೈಲಿಗೇ ಅಳಿಯನ ಅಕ್ಕ ಬಂದಿಳಿದಳು. ಜಗಲಿ ಹತ್ತಲಿಲ್ಲ, ಚಪ್ಪಲಿ ಬಿಡಲಿಲ್ಲ, ಕಂಕುಳಲ್ಲಿ ಪುಸ್ತಕ. ಏದುಸಿರು ಬಿಡುತ್ತಾ ಸೀದಾ ಹಿತ್ತಿಲಿಗೆ ನಡೆದಳು. ಅಲ್ಲಿ ಹುಡುಗಿ ಬಾವಿಕಟ್ಟೆಯ ಮೇಲೆ ಬಗ್ಗಿ ನಿಂತಿದ್ದಳು.

"ಅಯ್ಯೋ ಬ್ಯಾಡ ಕಣೇ! ಈಚೆಗ್ ಬಾರೇ ಮುಂಡೇದೇ!"

"ನೀರ್ ಸೇದ್ತಾ ಇವ್ನಿ ಅತ್ತಿಗೆ" ಎಂದಳು ಹುಡುಗಿ, ಹಗ್ಗ ಹಿಡಿದುಕೊಂಡೇ.

ಆಕೆ ಹುಡುಗಿಯ ರಟ್ಟೆ ಹಿಡಿದು ಎಳೆದು ತಂದು ಜಗಲಿಯ ಮೇಲೆ ಕೂರಿಸಿ, ದೊಡ್ಡಮ್ಮನ ಕಡೆ ತಿರುಗಿದಳು. "ಏನತ್ತೆ, ಇದೇನು ಎದ್ರಿಸಾದಾ? ಕೊನೇ ತನಕಾ ಓದ್ಬೇಕಂತೆ! ಓದ್ದೆ. ಎರಡ್ ರಾತ್ರಿ ನಿದ್ದೆ ಇಲ್ಲ ನಂಗೆ. ಕಣ್ ಮುಚ್ಚಿದ್ರೆ ಬಾವಿ. ನಾನೇನ್ ಅಷ್ಟ್ ಕೆಟ್ಟೋಳಾ?"

"ಯಾವ್ ಬಾವಿ ತಾಯಿ? ನೀವೇ ಗಾಡೀಲಿ ಬಂದು ಕರ್ಕೊಂಡ್ ಓಯ್ತೀರಲ್ಲ ಅದ್ರಲ್ಲಿ?" ದೊಡ್ಡಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ.

ಕೂಗಾಟ ಕೇಳಿ ಬಂದ ನಾನು ಗೋಡೆಯ ಪಕ್ಕ ನಿಂತಿದ್ದೆ. ಇಬ್ಬರೂ ನನ್ನನ್ನು ನೋಡಿದರು. ಹೇಳಿಬಿಟ್ಟೆ. ಪುಸ್ತಕದಲ್ಲಿರುವುದು ಬಾವಿ. ಗಾಡಿ ನಾನು ಕಟ್ಟಿದ್ದು.

ಆಮೇಲೆ ಆಕೆ ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕೂತಳು. "ಗಾಡಿ ಇಲ್ಲ, ರೈಲಲ್ ಬಂದಿವ್ನಿ" ಎಂದಳು ಹುಡುಗಿಗೆ. "ಬಟ್ಟೆ ತಕೋ. ನಿನ್ ಗಂಡ ಸ್ಟೇಷನ್ ತಕ ಬತ್ತಾನೆ."

ಪುಸ್ತಕವನ್ನು ಜಗಲಿಯಲ್ಲೇ ಬಿಟ್ಟು ಸಂಜೆಯ ರೈಲಿಗೆ ಇಬ್ಬರೂ ಹೊರಟರು. ದೊಡ್ಡಮ್ಮ ಮಗಳ ಮಡಿಲು ತುಂಬಿ ಕಳಿಸಿದರು. ನನ್ನ ಕಡೆ ಮಾತ್ರ ನೋಡಲಿಲ್ಲ. ಎರಡು ದಿನ ಜಗಲಿಯಿಂದ ಕುಟ್ಟುವ ಸದ್ದು ಕೇಳುತ್ತಿತ್ತು, ನನ್ನನ್ನು ಯಾರೂ ಕರೆಯಲಿಲ್ಲ. ಮೂರನೆಯ ದಿನ ಗೋಡೆಯಾಚೆಯಿಂದ ದನಿ ಬಂತು.

"ಬಾ. ಓದು."

"ಯಾವುದು ದೊಡ್ಡಮ್ಮ?"

"ಅದೇ. ನೀ ನುಂಗಾಕಿದ್ದು. ಇದ್ದಂಗೇ ಓದು."

ಆ ಆರು ಪುಟಗಳನ್ನು ಒಂದಕ್ಷರ ಬಿಡದೆ ಓದಿದೆ. ತಮಿಳಿನಾಕೆ ಒಮ್ಮೆಯೂ ತಡೆಯಲಿಲ್ಲ. ಮುಗಿದಾಗ ದೊಡ್ಡಮ್ಮ, ಬೆರಳೆಲ್ಲ ಹುಳಿಯಾಗಿದ್ದರಿಂದ, ಮುಂಗೈಯಲ್ಲಿ ಕಣ್ಣೊರೆಸಿಕೊಂಡರು.

"ಯಾರೂ ಬರ್ಲೇ ಇಲ್ವಾ ಅವ್ಳ್ಗೆ?"

"ಇಲ್ಲ."

"ಅವತ್ತೇ ಇದ್ನ ಓದಿದ್ರೆ, ಮಾರ್ನೇ ದಿನ ನಾನೇ ಓಗಿ ಅವ್ಳ್ನ ಬಿಟ್ಟು ಬತ್ತಿದ್ದೆ ಕಣಮ್ಮಿ. ಮಾನಾ ಗೀನಾ ಅಂತ ಕಾಯ್ತಾ ಕೂತಿರ್ಲಿಲ್ಲ."