ಮೇನಕಾ ಕೂರಿಸಿದ ಹೀಟರು

ಗಂಡ ಸತ್ತವಳು ಮೂಲೆ ಹಿಡಿದು ಕೂರುತ್ತಾಳೆಂದು ಅವಳ ಊರಾದ ಎಡಪ್ಪಾಡಿಯ ನೆಂಟರೆಲ್ಲ ಲೆಕ್ಕ ಹಾಕಿದ್ದರು. ಮೇನಕಾ ಕೂರಲಿಲ್ಲ. ಗಂಡ ಗಿರಿ ಬಸ್ ಅಪಘಾತದಲ್ಲಿ ತೀರಿಕೊಂಡ ವರ್ಷವೇ, ಅವನು ಫಿಟ್ಟರಾಗಿದ್ದ ಸೇಲಂನ ವರ್ಕ್‌ಶಾಪಿಗೆ ಹೋಗಿ ಅವನ ಕೆಲಸವನ್ನೇ ಕೇಳಿದಳು. ಕೊಟ್ಟದ್ದು ಪೊರಕೆ. ಅದನ್ನೂ ಹಿಡಿದಳು, ಆದರೆ ಕಣ್ಣೆಲ್ಲ ಕುಲುಮೆಯ ಮೇಲೆ.

ಉಕ್ಕಿನ ಬಿಡಿಭಾಗಗಳನ್ನು ಕೆಂಪಗೆ ಕಾಯಿಸುವ ಕರೆಂಟಿನ ಕುಲುಮೆ ಅದು. ಒಳಗೆ ಗೋಡೆಯಿಂದ ಗೋಡೆಗೆ ಲೋಹದ ಕೊಳವೆಗಳು. ಒಂದೊಂದರಲ್ಲೂ ಆಳುದ್ದದ ಹೀಟರು, ಎಂದರೆ ಪಿಂಗಾಣಿ ಬಿಲ್ಲೆಗಳಿಗೆ ಪೋಣಿಸಿದ ತಂತಿ. ತೂರಿಸುವಾಗ ಎಲ್ಲಿ ತಗುಲಿದರೂ ಬಿಲ್ಲೆ ಬಿರುಕು ಬಿಡುತ್ತದೆ. ಆ ಕೆಲಸವನ್ನು ಮೇನಕಾ ಹಟ ಹಿಡಿದು ಕಲಿತಳು.

ಈ ವರ್ಷ ಹೊಸ ಕುಲುಮೆ ಬಂತು. ಹೀಟರುಗಳನ್ನೆಲ್ಲ ಕೂರಿಸಿದ್ದು ಅವಳೇ. ಕೂರಿಸಿದವರೇ ಮೊದಲ ಸಲ ಸ್ವಿಚ್ ಒತ್ತುವುದು ಅಲ್ಲಿಯ ವಾಡಿಕೆ. ಹಳೆಯದಕ್ಕೆ ಗಿರಿ ಒತ್ತಿದ್ದ. ಪೂಜೆಯ ದಿನ ಒಳ್ಳೆಯ ಸೀರೆಯುಟ್ಟು ಬಂದವಳನ್ನು ಯಜಮಾನ ಗೋವಿಂದರಾಜ್ ಪಕ್ಕಕ್ಕೆ ಕರೆದ. ಎಡಪ್ಪಾಡಿಯವನೇ, ದೂರದ ಸಂಬಂಧಿ ಬೇರೆ. ಶುಭಕಾರ್ಯ ಮುತ್ತೈದೆಯ ಕೈಯಲ್ಲಾಗಲಿ, ಶಾರದ ಒತ್ತುತ್ತಾಳೆ, ನೀನು ಸ್ವಲ್ಪ ಹಿಂದೆ ನಿಂತುಕೋ ಎಂದ. ಎಷ್ಟು ಮೆಲ್ಲಗೆ ಹೇಳಿದರೇನು, ಮಾತು ಮಾತೇ. ಅವನ ಹೆಂಡತಿ ಶಾರದ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು.

ಮೇನಕಾಗೆ ಮೈಯೆಲ್ಲ ಉರಿದುಹೋಯಿತು. ಕಣ್ಣೊರೆಸಿಕೊಂಡು ಹಿಂದೆ ಸರಿಯುತ್ತಾಳೆಂದು ಎಲ್ಲರೂ ಎಣಿಸಿದರು. ಅವಳು ಸ್ಪ್ಯಾನರ್ ತೆಗೆದುಕೊಂಡು ಹೋಗಿ ಮೊದಲ ಹೀಟರಿನ ನಟ್ಟು ಬಿಚ್ಚತೊಡಗಿದಳು. ಗೋವಿಂದರಾಜ್ ಗಾಬರಿಯಿಂದ ಓಡಿಬಂದ.

“ನನ್ ಕೈಲಿ ದೋಷ ಐತೆ ಅಂದ್ರೆ, ಈ ಕೈ ಮುಟ್ಟಿದ್ದೆಲ್ಲ ಈಚೆಗೆ ತೆಗೀತೀನಣ್ಣ. ಮುತ್ತೈದೇರ್ನ ಕರ್ಸಿ ಕೂರಿಸ್ಕೊಳ್ಳಿ.”

ಅವನು ಗದರಿದ, ಗೋಗರೆದ, ಕೆಲಸದಿಂದ ತೆಗೆಯುತ್ತೇನೆಂದ. ತೆಗೆಯಿರಿ ಎಂದಳು, ತಲೆಯೆತ್ತದೆ. ಹೀಟರು ಅರ್ಧ ಹೊರಬಂದಿತ್ತು. ತುದಿ ಬಾಗದಂತೆ ಹಿಡಿಯಲು ಇನ್ನೊಬ್ಬರು ಬೇಕು. ಗಂಡಸರು ಯಜಮಾನನ ಮುಖ ನೋಡುತ್ತ ನಿಂತರು. ನಾಚಿಕೆಗೆಟ್ಟವರು. ಕೊನೆಗೆ ಶಾರದಳೇ ತಟ್ಟೆ ಕೆಳಗಿಟ್ಟು ಬಂದು ತುದಿಗೆ ಕೈಕೊಟ್ಟಳು.

ಒಳಕ್ಕೆ ತಳ್ಳು, ನಾನು ಸ್ವಿಚ್ ಒತ್ತುವುದಿಲ್ಲ ಎಂದು ಮೇನಕಾಗೆ ಹೇಳಿ, ಗಂಡನ ಕಡೆ ತಿರುಗಿದಳು.

“ನಾಳೆ ನಿಮ್ಗೇನಾದ್ರೂ ಆದ್ರೆ, ನನ್ನೂ ಇಂಗೇ ಮೂಲೆಗೆ ತಳ್ತಾರಲ್ವಾ?”

ಹೆಂಗಸರಿಬ್ಬರೂ ಸೇರಿ ಹೀಟರನ್ನು ಮೆಲ್ಲಗೆ ಒಳಸೇರಿಸಿದರು. ಮೇನಕಾ ನಟ್ಟು ಬಿಗಿದಳು. ಯಾರ ಅಪ್ಪಣೆಗೂ ಕಾಯದೆ, ಎಲ್ಲರ ನಡುವೆಯೇ ನಡೆದುಹೋಗಿ ಸ್ವಿಚ್ ಒತ್ತಿದಳು.