ಎದೆಯಳತೆ ಸಾಲದೆ ಹುಟ್ಟಿದ ಶಾಂತಿವಾದ

ಕ್ರೈಸ್ತನಾದವನು ಯುದ್ಧಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ನಾನು ಒಂದೇ ವಾರದಲ್ಲಿ ಎರಡು ಉತ್ತರ ಕೊಟ್ಟವನು. ಎರಡನ್ನೂ ಗಟ್ಟಿ ದನಿಯಲ್ಲೇ ಕೊಟ್ಟೆ.

ಚೀನದೊಡನೆ ಯುದ್ಧವಾದ ವರ್ಷ ಅದು. ನನಗೆ ಇಪ್ಪತ್ತಾರು. ಹೊನ್ನಾವರದ ಶಾಲೆಯೊಂದರಲ್ಲಿ ಕನ್ನಡ ಮಾಸ್ತರನಾಗಿದ್ದೆ. ಮನೆ ಹೊಳೆಯಾಚೆ, ಕಾಸರಕೋಡಿನಲ್ಲಿ. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಬೆಳಿಗ್ಗೆ ದೋಣಿಯಲ್ಲಿ ದಾಟಿ ಹೋಗಿ, ಸಂಜೆ ದೋಣಿಯಲ್ಲೇ ದಾಟಿ ಬರಬೇಕು. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ.

ನಾವು ಕೊಂಕಣಿ ಮಾತಾಡುವ ಕೆಥೋಲಿಕರು. ಇಗರ್ಜಿಯಲ್ಲಿ ಪೂಜೆ ಲ್ಯಾಟಿನಿನಲ್ಲಿ, ಜಪ ಕೊಂಕಣಿಯಲ್ಲಿ ನಡೆಯುತ್ತಿತ್ತು. ಧರ್ಮಗ್ರಂಥವನ್ನು ಸ್ವಂತ ಕೈಯಲ್ಲಿ ಹಿಡಿದು ಓದುವ ಚಟ ನಮ್ಮವರಿಗೆ ಇರಲಿಲ್ಲ. ನನಗಿತ್ತು. ಸೈಕಲ್ ಮೇಲೆ ಪುಸ್ತಕ ಮಾರುತ್ತ ಬಂದ ಒಬ್ಬ ಪ್ರಾಟೆಸ್ಟೆಂಟನಿಂದ ಕನ್ನಡದ ಪ್ರತಿ ಕೊಂಡು, ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ್ದೆ. ಊರಿನಲ್ಲಿ ಹಾಗೆ ಓದಿದ ಕೆಥೋಲಿಕ ನಾನೊಬ್ಬನೇ ಎಂಬ ಜಂಬ ಬೇರೆ. ಯಾರಾದರೂ ಹಲ್ಲುನೋವೆಂದರೂ ಸುವಾರ್ತೆಯ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತಿದ್ದೆ. ಜನ ನನ್ನನ್ನು ಹೇಗೆ ಸಹಿಸಿಕೊಂಡರೋ ಗೊತ್ತಿಲ್ಲ.

ಹಿಂದಿನ ವರ್ಷ ನಮ್ಮ ಸೈನ್ಯ ಪೋರ್ತುಗೀಸರ ಕೈಯಲ್ಲಿದ್ದ ಗೋವೆಯೊಳಗೆ ಹೋದಾಗ, ಕ್ರಿಸ್ಮಸ್ ಹತ್ತಿರವಿತ್ತು. ನಮ್ಮ ಕೇರಿಯ ಹಿರಿಯರಲ್ಲಿ ಹಲವರಿಗೆ ಗೋವೆಯಲ್ಲಿ ನೆಂಟರು. ಅವರು ಆ ವಾರ ಸುಮ್ಮನಿದ್ದರು, ಅಷ್ಟೇ. ಶಾಲೆಯ ಗುಮಾಸ್ತ ಮಾತ್ರ ನನ್ನನ್ನು ಕಂಡು, ತಮಾಷೆಗೆಂಬಂತೆ, "ನಿಮ್ಮವ್ರು ಯಾವ ಬದಿಗೆ, ಮಾಸ್ತರೆ?" ಎಂದು ಕೇಳಿದ್ದ. ನಾನು ನಕ್ಕಿದ್ದೆ. ಆದರೆ ಆ ಮಾತು ಒಳಗೆ ಮುಳ್ಳಿನಂತೆ ಉಳಿದಿತ್ತು. ಚೀನದ ಯುದ್ಧ ಬಂದಾಗ, ನಮ್ಮವರು ಯಾವ ಬದಿಗೆಂದು ತೋರಿಸುವ ಅವಕಾಶ ಬಂತೆಂದು ನನಗೆ ಹುರುಪು ಹತ್ತಿತು.

ಒಂದು ಸೋಮವಾರ ಶಾಲೆಯ ಮೈದಾನದಲ್ಲಿ ಸಭೆ ಸೇರಿತು. ನಾನು ಮುಕ್ಕಾಲು ತಾಸು ಮಾತಾಡಿದೆ. ರೋಮಿನ ಶತಾಧಿಪತಿಯ ನಂಬಿಕೆಯನ್ನು ಯೇಸು ಹೊಗಳಿದನೇ ಹೊರತು ಕತ್ತಿ ಬಿಚ್ಚಿಡು ಎನ್ನಲಿಲ್ಲ. ದಾರಿ ಕೇಳಲು ಬಂದ ಸಿಪಾಯಿಗಳಿಗೆ ಸ್ನಾನಿಕ ಯೋಹಾನ ಕೆಲಸ ಬಿಡಿ ಎನ್ನಲಿಲ್ಲ. ಆದ್ದರಿಂದ ದೇಶಕ್ಕಾಗಿ ಬಂದೂಕು ಹಿಡಿಯುವುದು ಕ್ರೈಸ್ತನ ಕರ್ತವ್ಯ ಎಂದು ಸಾಧಿಸಿ ತೋರಿಸಿದೆ. ಜೋರು ಚಪ್ಪಾಳೆ ಬಿತ್ತು. ಹೆಡ್ಮಾಸ್ತರರು ಕೈ ಕುಲುಕಿದರು. ಗುಮಾಸ್ತ ತಾನೇ ಚಹಾ ತಂದುಕೊಟ್ಟ. ಆ ಚಹಾ ಕುಡಿಯುವಾಗಲೇ, ನಾನು ಸೈನ್ಯಕ್ಕೆ ಸೇರುತ್ತೇನೆ ಎಂದು ಬಾಯಿಂದ ಬಂದುಬಿಟ್ಟಿತು. ಸುತ್ತ ಏಳೆಂಟು ಮಂದಿ ಕೇಳಿಸಿಕೊಂಡರು. ಹಿಂದೆಗೆಯಲು ಸಾಧ್ಯವಿರಲಿಲ್ಲ.

ಭರ್ತಿ ಮಾಡಿಕೊಳ್ಳುವವರು ಆ ಗುರುವಾರ ಕುಮಟಾಕ್ಕೆ ಬಂದಿದ್ದರು. ಅಮ್ಮನಿಗೆ ಪರೀಕ್ಷೆಯ ಕಾಗದ ತರಲಿಕ್ಕಿದೆ ಎಂದು ಹೇಳಿ ಬಸ್ಸು ಹತ್ತಿದೆ. ಪ್ರವಾಸಿ ಬಂಗಲೆಯ ಅಂಗಳದಲ್ಲಿ ಅಂಗಿ ಬಿಚ್ಚಿದ ಅರವತ್ತು ಎಪ್ಪತ್ತು ಜನ ಸಾಲಾಗಿ ನಿಂತಿದ್ದರು. ದೋಣಿ ಎಳೆದು, ಗದ್ದೆ ಹೂಡಿ ಗಟ್ಟಿಯಾದ ಮೈಗಳು. ಅವರ ನಡುವೆ ನಾನು ಬಿಳಿಚಿಕೊಂಡು, ಕನ್ನಡಕ ತೆಗೆದು ಜೇಬಿನಲ್ಲಿಟ್ಟು, ಮುಂದಿನವನ ಬೆನ್ನನ್ನೇ ನೋಡುತ್ತ ನಿಂತೆ.

ನನ್ನ ಸರದಿ ಬಂದಾಗ ಮೀಸೆಯ ಹವಾಲ್ದಾರ ಎದೆಗೆ ಟೇಪು ಸುತ್ತಿ, ಉಸಿರು ಎಳೆದುಕೋ ಎಂದು ಹಿಂದಿಯಲ್ಲಿ ಹೇಳಿದ. ನಾನು ಎಳೆದುಕೊಂಡೆ. ಅವನು ಕಾದ. ಮತ್ತೆ ಹೇಳಿದ. ಎಳೆದುಕೊಂಡಿದ್ದೇನೆ ಎಂದೆ. ಮಾತಾಡಿದ್ದರಿಂದ ಇದ್ದ ಉಸಿರೂ ಹೊರಗೆ ಹೋಯಿತು. ಅವನು ಟೇಪು ನೋಡಿ, ನನ್ನ ಮುಖ ನೋಡಿ, ಬರೆದುಕೊಳ್ಳುವವನಿಗೆ ಏನೋ ಹೇಳಿದ. ಬರೆಯುವವನು ನಮ್ಮ ಕಡೆಯವನೇ. "ಆತು ಮಾಸ್ತರೆ, ನೀವು ಶಾಲೆಗೇ ಹೋಗಿ" ಎಂದ. ಹಂಗಿಸುವ ದನಿಯಲ್ಲ ಅದು. ಬಹಳ ಮರ್ಯಾದೆಯಿಂದಲೇ ಹೇಳಿದ. ಅದೇ ಹೆಚ್ಚು ನೋವಾಯಿತು.

ಹಿಂದಿರುಗುವ ಬಸ್ಸಿನಲ್ಲಿ ನನ್ನ ಧರ್ಮಜ್ಞಾನ ಬೆಳೆಯತೊಡಗಿತು. ಕುಮಟಾ ಪೇಟೆ ದಾಟುವಾಗ, ಒಂದು ಕೆನ್ನೆಗೆ ಬಿದ್ದರೆ ಇನ್ನೊಂದನ್ನು ಒಡ್ಡುವ ಮಾತು ನೆನಪಾಯಿತು. ಹೊನ್ನಾವರ ಹತ್ತಿರವಾಗುತ್ತಿದ್ದಂತೆ, ತೋಟದಲ್ಲಿ ಕತ್ತಿ ಹಿರಿದ ಶಿಷ್ಯನನ್ನು ಯೇಸು ತಡೆದದ್ದು ನೆನಪಾಯಿತು. ಸೋಮವಾರ ಇದೆಲ್ಲ ಎಲ್ಲಿ ಹೋಗಿತ್ತು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ದೋಣಿ ಆಚೆ ದಡ ಮುಟ್ಟುವ ಹೊತ್ತಿಗೆ ನಾನು ಜಗತ್ತಿನ ಎಲ್ಲ ಯುದ್ಧಗಳನ್ನೂ ವಿರೋಧಿಸುತ್ತಿದ್ದೆ.

ಸುದ್ದಿ ಹೇಗೋ ಅಮ್ಮನಿಗೆ ಮುಟ್ಟಿತ್ತು. ಸೈನ್ಯಕ್ಕೆ ಹೋಗಿದ್ದೆಯಂತೆ ಎಂದು ಕೇಳಿದಳು. ಹೋಗಿದ್ದು ನಿಜ, ಆದರೆ ಕ್ರಿಸ್ತ ನನ್ನ ಮನಸ್ಸು ತಿರುಗಿಸಿದ ಎಂದೆ.

"ಎಲ್ಲಿ, ಕುಮಟಾದಲ್ಲಾ?" ಎಂದಳು. ಗಂಜಿ ಬಡಿಸಿದಳು.

ಭಾನುವಾರ ಪೂಜೆಯ ನಂತರ ಇಗರ್ಜಿಯ ಪಕ್ಕದ ಕೋಣೆಯಲ್ಲಿ ಹತ್ತಿಪ್ಪತ್ತು ಜನ ಸೇರುವ ರೂಢಿಯಿತ್ತು. ಅಲ್ಲಿ ಎದ್ದು ನಿಂತು, ಯಾರ ಮೇಲೆ ಗುಂಡು ಹಾರಿಸಿದರೂ ಅದು ಕ್ರಿಸ್ತನಿಗೇ ತಗಲುತ್ತದೆ, ಬಂದೂಕು ಹಿಡಿದವನು ಅವನ ಶಿಷ್ಯನಲ್ಲ ಎಂದು ಹೇಳಿದೆ. ವಯಸ್ಸಾದ ಪಾದ್ರಿಗಳು ಮಧ್ಯೆ ಕೈಯೆತ್ತಿ, ಮನೆಯನ್ನು ಕಾಯುವುದಕ್ಕೆ ಧರ್ಮಸಭೆ ಅಡ್ಡಿ ಮಾಡುವುದಿಲ್ಲ ಮಾಸ್ತರೆ ಎಂದರು. ಧರ್ಮಸಭೆ ಏನೆನ್ನುತ್ತದೆಂದು ನಾನು ಹೇಳುತ್ತಿಲ್ಲ, ಕ್ರಿಸ್ತ ಏನೆಂದನೋ ಅದನ್ನು ಹೇಳುತ್ತಿದ್ದೇನೆ ಎಂದೆ. ಅವರು ಕೈ ಇಳಿಸಿ, ಸೋಮವಾರದ್ದನ್ನೂ ಕೇಳಿದ್ದೇನೆ ಎಂದಷ್ಟೇ ಹೇಳಿದರು.

ಹಿಂದಿನ ಬೆಂಚಿನಲ್ಲಿ ಮೀನು ಒಣಗಿಸಿ ಮಾರುವ ಒಬ್ಬ ವಿಧವೆ ಕೂತಿದ್ದಳು. ನಮ್ಮ ಮನೆಯಿಂದ ನಾಲ್ಕು ಹಿತ್ತಿಲಾಚೆ ಅವಳ ಮನೆ. ಅವಳ ಒಬ್ಬನೇ ಮಗ ಸೈನ್ಯದಲ್ಲಿದ್ದ; ಮೇಲೆ ಹಿಮದ ಬೆಟ್ಟಕ್ಕೆ ಹೋಗಿ ಆರು ವಾರವಾಗಿತ್ತು, ಒಂದು ಕಾಗದವೂ ಬಂದಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಮಾತಾಡುವಾಗ ನೆನಪಿಗೆ ಬರಲಿಲ್ಲ.

ಅಂದೇ ಮಧ್ಯಾಹ್ನ ಅವಳು ಮನೆಗೆ ಬಂದಳು. ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತು, ತಾನು ಈವರೆಗೆ ಮಗ ಗೆಲ್ಲಲಿ ಎಂದು ಜಪ ಮಾಡುತ್ತಿದ್ದೆ, ಅದು ತಪ್ಪಾಯಿತೇ, ಇನ್ನೇನೆಂದು ಮಾಡಲಿ ಎಂದು ಕೇಳಿದಳು. ಆಗಲಾದರೂ ನಾನು ಸುಮ್ಮನಿರಬಹುದಿತ್ತು. ಪುಸ್ತಕ ಕೈಯಲ್ಲೇ ಇತ್ತು. ಅವನು ಬಂದೂಕು ಕೆಳಗಿಡಲಿ ಎಂದು ಪ್ರಾರ್ಥಿಸಿ ಎಂದೆ.

"ಇವ ಇಟ್ರೆ ಅವ್ರೂ ಇಡ್ತ್ರಾ?" ಎಂದಳು.

ಅದು ದೇವರಿಗೆ ಬಿಟ್ಟದ್ದು ಎಂದೆ. ಅವಳು ತಲೆಯಾಡಿಸಿ ಹೋದಳು. ಮಾರನೆಯ ದಿನದಿಂದ ಒಂಬತ್ತು ದಿನದ ಜಪ ಹಿಡಿದಳೆಂದು ಅಮ್ಮ ಹೇಳಿದಳು. ಹಾಗೆ ಹೇಳುವಾಗ ಅಮ್ಮ ನನ್ನ ಮುಖ ನೋಡಲಿಲ್ಲ.

ಆ ಜಪ ಮುಗಿಯುವ ಮೊದಲೇ ಬೆಟ್ಟದ ಮೇಲೆ ನಮ್ಮ ಸೈನ್ಯ ಸೋತು ಹಿಂದೆ ಬಂದ ಸುದ್ದಿ ಪತ್ರಿಕೆಯಲ್ಲಿ ಬಂತು. ಆಮೇಲೆ ಯುದ್ಧವೂ ನಿಂತಿತು. ಅವನ ಸುದ್ದಿ ಮಾತ್ರ ಇಲ್ಲ. ಆ ದಿನಗಳಲ್ಲಿ ನಾನು ಅವಳ ಮನೆಯ ಮುಂದೆ ಹೋಗುವುದನ್ನು ಬಿಟ್ಟು, ಗದ್ದೆಯಂಚಿನಿಂದ ಸುತ್ತು ಹಾಕಿ ದೋಣಿಗೆ ಹೋಗುತ್ತಿದ್ದೆ. ಕ್ರಿಸ್ಮಸ್ ಕಳೆದ ಮೇಲೆ ಒಂದು ಕಾರ್ಡು ಬಂತು: ಆಸ್ಪತ್ರೆಯಲ್ಲಿದ್ದೇನೆ, ಗುಣವಾಗುತ್ತಿದ್ದೇನೆ.

ಬೇಸಗೆಯಲ್ಲಿ ಅವನು ರಜೆಯ ಮೇಲೆ ಬಂದ. ಬಂದ ಮೂರನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಕಡೆಗೇ ಕುಂಟುತ್ತ ಬರುವುದು ಕಂಡಿತು. ಹೊಡೆಯಲು ಬರುತ್ತಿದ್ದಾನೆ ಎಂದೇ ನಾನು ಭಾವಿಸಿದೆ. ಅಹಿಂಸಾವಾದಿಯಾದ ನಾನು ಹಿತ್ತಲ ಬಾಗಿಲ ಅಗಳಿ ತೆಗೆದಿಟ್ಟೆ.

ಅವನು ಹೊಡೆಯಲು ಬಂದಿರಲಿಲ್ಲ. ಜಗಲಿಯಲ್ಲಿ ಕೂತು, ಚಪ್ಪಲಿ ತೆಗೆದು ಎಡಗಾಲು ಚಾಚಿದ. ಎರಡು ಬೆರಳು ಹಿಮಕ್ಕೆ ಹೋಗಿದ್ದವು. ನಿಧಾನಕ್ಕೆ ಎಲ್ಲ ಹೇಳಿದ. ಹಿಂದೆ ಸರಿಯಿರಿ ಎಂದು ಅಪ್ಪಣೆಯಾದ ಮೇಲೆ ಏಳು ದಿನ ಬೆಟ್ಟ ಇಳಿದರಂತೆ. ಜೊತೆಗೆ ಬೆಳಗಾವಿ ಕಡೆಯವನೊಬ್ಬ, ಅವನ ಕಾಲಿಗೆ ಗುಂಡು ತಗಲಿತ್ತು. ಅವನನ್ನು ಬೆನ್ನ ಮೇಲೆ ಹೊತ್ತುಕೊಳ್ಳಬೇಕಾಗಿ, ಕೈಯೂ ಮರಗಟ್ಟಿ, ಬಂದೂಕನ್ನು ಒಂದು ಬಂಡೆಯ ಬುಡದಲ್ಲಿ ಇಟ್ಟು ಬಂದನಂತೆ. ಇಬ್ಬರೂ ಉಳಿದರು. ಆದರೆ ಸರಕಾರದ ಬಂದೂಕು ಬಿಟ್ಟು ಬಂದದ್ದಕ್ಕೆ ವಿಚಾರಣೆಯಾಯಿತು; ಗಾಯಾಳುವಿನ ಸಾಕ್ಷಿಯಿಂದ ಬರಿಯ ಎಚ್ಚರಿಕೆಯಲ್ಲಿ ಪಾರಾದ.

"ಇದನ್ನ ಆಯಿಗೆ ಹೇಳಿದೆ ನೋಡಿ, ಅವ್ಳು ಜಪದ ದಿನ ಲೆಕ್ಕ ಹಾಕಿ ಕುಣಿದಾಡ್ತಾಳೆ. ಮಾಸ್ತರ್ರು ಕೊಟ್ಟ ಪ್ರಾರ್ಥನೆ ಫಲಿಸ್ತು ಅಂತ ಕೇರಿಯೆಲ್ಲ ಹೇಳ್ತಾ ಬಂದಿದಾಳೆ. ನಾ ವಾಪಸ್ಸು ಹೋದ್ಮೇಲೂ ಅದನ್ನೇ ಮಾಡ್ತಾಳಂತೆ. ನೀವು ಒಂದ್ಸಲ ಬಂದು ಬೇರೆ ಎಂತಾದ್ರೂ ಹೇಳ್ಬೇಕು."

ಎಂತ ಹೇಳಲಿ ಎಂದು ಕೇಳಿದೆ.

"ಬಂದೂಕು ಕೈಯಲ್ಲೇ ಇರ್ಲಿ ಅಂತ. ಅದಾಗ್ದಿದ್ರೆ, ನಿಮ್ಮ ಪುಸ್ತಕದಲ್ಲಿ ನಡುವಿಂದು ಎಂತಾದ್ರೂ ಇದ್ರೆ ಅದು."

ಅವನು ವ್ಯಂಗ್ಯವಾಡುತ್ತಿರಲಿಲ್ಲ. ನಿಜವಾಗಿಯೂ ಪುಸ್ತಕದಲ್ಲಿ ಇರಬಹುದೆಂದು ನಂಬಿ ಕೇಳುತ್ತಿದ್ದ. ನಾನು ಮಾತು ಬೇರೆಡೆಗೆ ತಿರುಗಿಸಲು, ಅಲ್ಲಿ ನೀನು ಗುಂಡು ಹಾರಿಸಿದೆಯಾ ಎಂದು ಕೇಳಿಬಿಟ್ಟೆ. ಅವನು ಚಾಚಿದ ಕಾಲನ್ನು ಎಳೆದುಕೊಂಡು ಚಪ್ಪಲಿ ಮೆಟ್ಟಿದ.

"ಹಾರಿಸ್ದೆ. ಬಿದ್ನಾ ಇಲ್ವಾ ಕಾಣ್ಲಿಲ್ಲ, ಮಂಜಿತ್ತು. ಪಾದ್ರಿಗಳ ಹತ್ರ ಪಾಪನಿವೇದನೆ ಮಾಡೂಕೆ ಹೋದ್ರೆ ಅದು ಪಾಪ ಅಲ್ಲ, ಹೇಳೂದು ಬೇಡ ಅಂದ್ರು. ನೀವು ಪಾಪ ಅಂತೀರಂತೆ. ಯಾರ ಮಾತು ಹಿಡೀಲಿ, ಮಾಸ್ತರೆ?"

ಶತಾಧಿಪತಿಯೂ ನೆನಪಾಗಲಿಲ್ಲ, ಕೆನ್ನೆಯೂ ನೆನಪಾಗಲಿಲ್ಲ. ಕುಮಟಾದ ಕತೆಯನ್ನು ಹೇಳಿದೆ. ಟೇಪು, ಹವಾಲ್ದಾರ, ಬಸ್ಸು, ಎಲ್ಲವನ್ನೂ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವನು ನಗಬಹುದು ಅಥವಾ ಎದ್ದು ಹೋಗಬಹುದು ಎಂದುಕೊಂಡಿದ್ದೆ. ಅವನು ಗಂಭೀರವಾಗಿ ಕೇಳಿ, "ಹೊಟ್ಟೆ ಒಳಗೆ ಎಳ್ಕೊಂಡ್ರೆ ಎದೆ ತಾನೇ ಹೊರಗೆ ಬರ್ತದೆ. ಅದನ್ನ ನಿಮಗೆ ಯಾರೂ ಹೇಳ್ಕೊಡ್ಲಿಲ್ವಾ?" ಎಂದ. ಎದ್ದು ನಿಂತು ಮಾಡಿಯೂ ತೋರಿಸಿದ.

ಅದೇ ಸಂಜೆ ಅವನ ತಾಯಿಯ ಬಳಿಗೆ ಹೋದೆ. ಅಂದು ಹೇಳಿದ್ದು ನನ್ನ ಅವಮಾನದ ಮಾತು, ದೇವರ ಮಾತೋ ಅಲ್ಲವೋ ನನಗೇ ಗೊತ್ತಿಲ್ಲ ಎಂದು ತಿಳಿಸಿದೆ. ಅವಳು ಒಣಮೀನು ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಮಗ ಮನೆಗೆ ಬಂದಿದ್ದಾನೆ, ಈಗ ಬಂದು ಹೀಗೆ ಹೇಳಿದರೆ ಹೇಗೆ ಎಂದಳು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ನಾನು ವಿನಯದಿಂದ ಹೀಗೆ ಹೇಳುತ್ತಿದ್ದೇನೆ ಎಂದು ತಿಳಿದು, ಹೊರಡುವಾಗ ಒಂದು ಹಿಡಿ ಸಿಗಡಿ ಕಟ್ಟಿಕೊಟ್ಟಳು. ಆ ಸಿಗಡಿಯನ್ನು ಅಮ್ಮ ಚಟ್ನಿ ಮಾಡಿದಳು. ನನಗೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜವಾಗಿ ಎರಡು ಸಲ ಹಾಕಿಸಿಕೊಂಡೆ.

ಎರಡು ವರ್ಷ ಕಳೆದು ಮತ್ತೆ ಯುದ್ಧ ಬಂದಾಗ ನಾನು ವರ್ಗವಾಗಿ ಭಟ್ಕಳದಲ್ಲಿದ್ದೆ. ಅಲ್ಲಿನ ಶಾಲೆಯಲ್ಲಿ ನವಾಯತ ಮುಸ್ಲಿಮರಾದ ಡ್ರಾಯಿಂಗ್ ಮಾಸ್ತರರೊಬ್ಬರು ಇದ್ದರು. ಪಾಕಿಸ್ತಾನದ ಸುದ್ದಿ ರೇಡಿಯೋದಲ್ಲಿ ಬರುವಾಗ ಅವರು ಒಳಗೆ ಬಂದರೆ ಕೋಣೆಯಲ್ಲಿ ಮಾತು ನಿಲ್ಲುತ್ತಿತ್ತು. ಅದು ಯಾವ ಬಗೆಯ ಮೌನವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮೊದಲ ವಾರ ನಾನೂ ಸುಮ್ಮನೇ ಕೂತಿದ್ದೆ. ಎರಡನೆಯ ವಾರದಿಂದ ಅವರ ಪಕ್ಕದ ಕುರ್ಚಿಗೆ ಹೋಗಿ ಕೂರತೊಡಗಿದೆ. ಅವರು ನನಗೆ ಪೆನ್ಸಿಲ್ ಚೂಪು ಮಾಡುವ ಸರಿಯಾದ ರೀತಿ ಕಲಿಸಿದರು. ಯುದ್ಧದ ಬಗ್ಗೆ ಕ್ರೈಸ್ತಧರ್ಮದ ನಿಲುವು ಕುರಿತು ಮಾತಾಡಬೇಕೆಂದು ಹೆಡ್ಮಾಸ್ತರರು ಕೇಳಿದಾಗ ಗಂಟಲು ಕಟ್ಟಿದೆ ಎಂದು ತಪ್ಪಿಸಿಕೊಂಡೆ.

ಒಂದು ಶನಿವಾರ ಊರಿಗೆ ಬಂದಾಗ ಆ ತಾಯಿ ದಾರಿಯಲ್ಲಿ ಸಿಕ್ಕಳು. ಮಗ ಪಂಜಾಬಿನ ಕಡೆಗೆ ಹೋಗಿದ್ದ. ಈ ಸಲ ಏನೆಂದು ಪ್ರಾರ್ಥಿಸುತ್ತೀರಿ ಎಂದು ಹೆದರುತ್ತಲೇ ಕೇಳಿದೆ.

"ಎಂತ ಇಲ್ಲ. ಅವನ ಹೆಸರು ಹೇಳ್ತೆ, ಮತ್ತೆ ಸುಮ್ಮನೆ ಕೂತ್ಕಳ್ತೆ" ಎಂದಳು.

ಮಗ ಮರಳಿ ಬಂದ, ಪೂರ್ತಿ ನೌಕರಿ ಮುಗಿಸಿಯೇ ಊರಿಗೆ ಬಂದು ನೆಲೆಸಿದ. ಅಂದು ನನ್ನ ಜಗಲಿಯಲ್ಲಿ ಅವನು ಕೇಳಿದ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಕೊಟ್ಟಿಲ್ಲ. ಅವನೂ ಮತ್ತೆ ಕೇಳಿಲ್ಲ. ಅವನ ತಾಯಿ ಹೇಳಿದ ರೀತಿಯಲ್ಲಿ ಪ್ರಾರ್ಥಿಸಲು ನಾನು, ಅವಳು ದಾರಿಯಲ್ಲಿ ಸಿಕ್ಕ ಮಾರನೆಯ ದಿನವೇ, ಭಾನುವಾರ, ಪ್ರಯತ್ನಿಸಿದ್ದೆ. ಅವನ ಹೆಸರು ಹೇಳಿ ಸುಮ್ಮನೆ ಕೂತೆ. ಅರ್ಧ ನಿಮಿಷವೂ ಕಳೆದಿರಲಿಕ್ಕಿಲ್ಲ, ಒಳಗೆ ಭಾಷಣವೊಂದು ಶುರುವಾಗಿತ್ತು.